ಸಿಕ್ತು, ಬಿತ್ತು

ಭಾನುವಾರ, ಊಟದ ನಂತರ

ಪ್ರೀತಿಯ ರಿಪೇರಿರಾಯನಿಗೆ,

ಅಕ್ಕನ ಆಶೀರ್ವಾದ. ‘ಪ್ರೀತಿಯ’ ಅಂತ ಬರೆದ ಮೇಲೆ ಅದನ್ನು ಹೊಡೆದುಹಾಕೋಣ ಅನ್ನಿಸಿತು. ಆದರೆ ಹೊಡೆದುಹಾಕಿದ ಪದವೇ ಮೊದಲು ಕಣ್ಣಿಗೆ ಬೀಳುತ್ತದೆ, ನೀನು ಮಿಕ್ಕಿದ್ದೆಲ್ಲ ಬಿಟ್ಟು ಅದನ್ನೇ ನೋಡಿಕೊಂಡು ಅಳುತ್ತ ಕೂರುತ್ತೀಯ. ಇರಲಿ ಬಿಡು, ಅಲ್ಲೇ ಇರಲಿ.

ಫೋನ್ ಇರುವಾಗ ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ನೀನು ‘ಅಕ್ಕಾ, ಒಂದ್ನಿಮಿಷ ನನ್ ಮಾತು ಕೇಳು’ ಅಂತ ಶುರು ಮಾಡಿದೆಯೆಂದರೆ ಮುಗಿಯಿತು, ಬೈಯಲು ಹೊರಟ ನಾನೇ ಕೊನೆಗೆ ನಿನ್ನನ್ನು ಸಮಾಧಾನ ಮಾಡಿ ಫೋನ್ ಇಡುತ್ತೇನೆ. ಚಿಕ್ಕಂದಿನಿಂದ ನಿನ್ನದು ಇದೇ ಆಟ. ಅಪ್ಪನ ಗಡಿಯಾರ ಬಿಚ್ಚಿ ಹಾಳು ಮಾಡಿದವನು ನೀನು, ಏಟು ತಿಂದವಳು ನಾನು, ಮೂಲೆಯಲ್ಲಿ ಕೂತು ಅತ್ತವನು ಮತ್ತೆ ನೀನು. ಕಾಗದಕ್ಕೆ ಮಧ್ಯೆ ಬಾಯಿ ಹಾಕುವ ಅಭ್ಯಾಸವಿಲ್ಲ. ಗುಬ್ಬಿ ಮಲಗಿದ್ದಾಳೆ. ನಿನ್ನ ಭಾವ ಪ್ರೆಸ್ಸಿನಲ್ಲಿ ಅರ್ಜೆಂಟ್ ಕೆಲಸ ಇದೆ ಅಂತ ಹೋಗಿದ್ದಾರೆ. ಭಾನುವಾರ ಅಲ್ಲಿ ಬೀಗ ಹಾಕಿರುತ್ತದೆ ಅಂತ ನನಗೂ ಗೊತ್ತು. ನಾನು ಇದನ್ನು ಬರೆಯುವಾಗ ಮನೆಯಲ್ಲಿ ಇರಲು ಅವರಿಗೆ ಇಷ್ಟವಿಲ್ಲ, ಅಷ್ಟೇ. ಜಗಳ ಅಂದರೆ ಅವರಿಗೆ ಆಗದು.

ನಿನಗೆ ಗೊತ್ತಿರುವುದನ್ನೇ ಮೊದಲಿಂದ ಹೇಳುತ್ತೇನೆ, ಯಾಕೆಂದರೆ ನೀನು ಮರೆತಿದ್ದೀಯ.

ಗುಬ್ಬಿಗೆ ಈಗ ಹನ್ನೊಂದು. ಅವಳ ಬುದ್ಧಿ ಅದರದೇ ನಡಿಗೆಯಲ್ಲಿ ಬೆಳೆಯುತ್ತದೆ, ಅವಸರ ಮಾಡಬೇಡಿ ಅಂತ ಡಾಕ್ಟರು ಹೇಳಿದ ದಿನ ನನ್ನ ಪಕ್ಕದಲ್ಲಿ ಕೂತಿದ್ದವನು ನೀನೇ. ಅವಳಿಗೆ ಮಾತು ಕಡಿಮೆ, ಕೇಳಿಸಿಕೊಂಡ ಮಾತನ್ನು ಪೂರ್ತಿ ನಂಬುತ್ತಾಳೆ. ‘ಬಸ್ಸು ಈಗ ಬಂದುಬಿಡುತ್ತೆ’ ಅಂತ ಬಾಯಿತಪ್ಪಿ ಅಂದರೆ ಸಾಕು, ಸ್ಟಾಪಿನ ಬೆಂಚಿನಿಂದ ಎದ್ದು ನಿಂತುಬಿಡುತ್ತಾಳೆ, ಬಸ್ಸು ಕಣ್ಣಿಗೆ ಕಾಣುವವರೆಗೂ ಕೂರುವುದಿಲ್ಲ. ಅದಕ್ಕೇ ನಾನು ಅವಳ ಹತ್ತಿರ ಅಳೆದು ತೂಗಿ ಮಾತಾಡುತ್ತೇನೆ. ಆ ಅಭ್ಯಾಸ ಕೆಲಸದ ಜಾಗಕ್ಕೂ ಅಂಟಿಕೊಂಡಿದೆ. ಹಲ್ಲಿನ ಆಸ್ಪತ್ರೆಯ ಮುಂದಿನ ಮೇಜಿನಲ್ಲಿ ಕೂತು ಟೋಕನ್ ಕೊಡುವವಳು ನಾನು. ಕೆನ್ನೆ ಹಿಡಿದುಕೊಂಡು ಬಂದವರು ‘ನೋವಾಗುತ್ತಾ ಮೇಡಂ?’ ಅಂತ ಕೇಳಿದರೆ ‘ಸ್ವಲ್ಪ ಆಗುತ್ತೆ, ಆಮೇಲೆ ಹೋಗುತ್ತೆ’ ಅಂತಲೇ ಹೇಳುತ್ತೇನೆ. ‘ನೀವ್ ಹಿಂಗಂದ್ರೆ ಯಾರ್ರೀ ಬಾಯಿ ತೆಗೀತಾರೆ?’ ಅಂತ ಹಲ್ಲಿನ ಡಾಕ್ಟರು ನನ್ನ ಮೇಲೆ ಹರಿಹಾಯ್ದದ್ದನ್ನು ಕೇಳಿ ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಗುಬ್ಬಿಯ ಮಾತುಗಳಲ್ಲಿ ಮುಖ್ಯವಾದವು ಎರಡು. ಸಿಕ್ತು, ಬಿತ್ತು. ಮಂಚದ ಕೆಳಗೆ ಸೇರಿಕೊಂಡ ಚಪ್ಪಲಿ ಕಂಡರೆ ಸಿಕ್ತು. ಅಂಗಿಯ ತೋಳಿನಲ್ಲಿ ದಾರಿ ತಪ್ಪಿದ ಕೈ ಆ ಕಡೆಯಿಂದ ಹೊರಗೆ ಬಂದರೆ ಸಿಕ್ತು. ನಿನ್ನ ಭಾವ ಮನೆಯೆಲ್ಲ ಹುಡುಕಿದ ಕನ್ನಡಕ ಅವರ ತಲೆಯ ಮೇಲೇ ಇದ್ದರೆ ಅದು ಇನ್ನೂ ಜೋರಾದ ಸಿಕ್ತು. ಎಲ್ಲಕ್ಕಿಂತ ದೊಡ್ಡ ಸಿಕ್ತು ಬಸ್ಸಿನದು. ಶಾಲೆಯ ಸ್ಟಾಪಿನಲ್ಲಿ ನಾನು ಮೊದಲು ಇಳಿದು ಕೈ ಚಾಚುತ್ತೇನೆ. ಮೆಟ್ಟಿಲ ಮೇಲೆ ನಿಂತವಳಿಗೆ ನೆಲ ಎಷ್ಟು ಕೆಳಗಿದೆಯೆಂದು ಅಂದಾಜಾಗುವುದಿಲ್ಲ, ಬಾವಿಗೆ ಬಗ್ಗಿ ನೋಡಿದ ಹಾಗೆ ನೋಡುತ್ತಾಳೆ. ಅವಳ ಕೈ ನನ್ನ ಕೈಗೆ ಬಂದ ಕೂಡಲೇ ‘ಸಿಕ್ತು’ ಅನ್ನುತ್ತಿದ್ದೆ. ಅಷ್ಟು ಕಿವಿಗೆ ಬಿದ್ದರೆ ಸಾಕಿತ್ತು, ಕೆಳಗೆ ನೋಡದೆ ಕಾಲಿಡುತ್ತಿದ್ದಳು.

ಬಿತ್ತು ಅನ್ನುವುದೂ ಅಷ್ಟೇ ಖುಷಿಯ ಮಾತು. ಈ ಸಾಲನ್ನು ಎರಡು ಸಲ ಓದಿಕೋ. ಚೆಂಡು ಕೈತಪ್ಪಿದರೆ ‘ಬಿತ್ತೂ’ ಅಂತ ರಾಗ ಎಳೆಯುತ್ತ ಕುಣಿದುಕೊಂಡು ಹೋಗಿ ಎತ್ತಿಕೊಂಡು ಬರುತ್ತಿದ್ದಳು. ಬಿತ್ತು ಅಂದರೆ ಅವಳಿಗೆ ಎತ್ತಿಕೋ, ಇನ್ನೊಂದು ಸಲ ಅಂತ ಅರ್ಥ. ಸೋತೆ ಅಂತ ಅಲ್ಲ. ಸೋಲು ಅಂತ ಒಂದು ಪದ ಇದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ, ನಮ್ಮ ಮನೆಯಲ್ಲಿ ಯಾರೂ ಅದನ್ನು ಕಲಿಸಿರಲಿಲ್ಲ.

ಆಟದ ಸಾಮಾನು ಮಾಡುವ ಕಂಪನಿ ಸೇರಿದ ಮೇಲೆ ನೀನು ಒಂದು ದಿನ ಬಂದು, ‘ನಮ್ ಗುಬ್ಬಿಯಂಥ ಮಕ್ಕಳಿಗೆ ಅಂತಾನೇ ಒಂದು ಸ್ಮಾರ್ಟ್ ಬಾಲ್ ಮಾಡ್ತಿದೀನಿ ಅಕ್ಕಾ’ ಅಂದೆ. ಇದೂ ನಿನ್ನ ಇನ್ನೊಂದು ಗಡಿಯಾರ ಅಂದುಕೊಂಡೆ. ತಪ್ಪು ತಿಳಿದಿದ್ದೆ. ರಜೆ ಬಂತೆಂದರೆ ನೀನು ನಮ್ಮ ಹಾಲ್‌ನ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತು, ಅವಳು ಚೆಂಡು ಬಿಡುವುದನ್ನೇ ನೋಡುತ್ತಿದ್ದೆ. ಚೆಂಡು ಎದೆಗೆ ಬಡಿದು ಕೆಳಗೆ ಹೋದ ಮೇಲೆ ಅವಳ ತೋಳು ತೆರೆದುಕೊಳ್ಳುತ್ತವೆ ಅಂತ ಕಂಡುಹಿಡಿದವನು ನೀನು. ಹೆತ್ತ ನನಗೇ ಅದು ತಿಳಿದಿರಲಿಲ್ಲ. ಅವಳ ಮಣಿಕಟ್ಟಿಗೆ ಎರಡು ಪಟ್ಟಿ ಕಟ್ಟಿ, ಆ ಪಟ್ಟಿಗಳ ಹತ್ತಿರ ಬಂದಂತೆಲ್ಲ ಚೆಂಡು ಗುಂಯ್ ಅನ್ನುವ ಹಾಗೆ ಮಾಡಿದೆ. ಆ ಗುಂಯ್ ಕೇಳಿ ಮೊದಲ ಸಲ ಚೆಂಡು ಬರುವ ಮೊದಲೇ ಅವಳ ತೋಳು ತೆರೆದುಕೊಂಡಾಗ ನಾನೂ ನೀನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆ ನಿನ್ನ ಬುದ್ಧಿಗೆ ಈಗಲೂ ಕೈ ಮುಗಿಯುತ್ತೇನೆ. ಕೋಪದಲ್ಲಿ ಇದನ್ನು ಬರೆಯದೆ ಬಿಟ್ಟರೆ ನಾನು ಮನುಷ್ಯಳಲ್ಲ.

ಅಮ್ಮನ ದನಿಯೇ ಬೇಕು ಅಂತ ನನ್ನನ್ನು ಬಟ್ಟೆಯ ಬೀರುವಿನ ಮುಂದೆ ಕೂರಿಸಿ, ತಲೆಯ ಮೇಲೆ ಕಂಬಳಿ ಹೊದಿಸಿ, ಬಾಯಿಗೆ ಮೈಕ್ ಹಿಡಿದೆಯಲ್ಲ, ನೆನಪಿದೆಯಾ? ‘ಖುಷಿಯಾಗಿ ಹೇಳಕ್ಕಾ, ಹಲ್ಲು ಕೀಳೋರ ಥರ ಹೇಳ್ಬೇಡ’ ಅಂದೆ. ಕಂಬಳಿಯೊಳಗೆ ನನಗೆ ನಗು ತಡೆಯಲಾಗಲಿಲ್ಲ. ಸಿಕ್ತು ಅಂದೆ, ಬಿತ್ತು ಅಂದೆ. ಎರಡನ್ನೂ ಒಂದೇ ಖುಷಿಯಲ್ಲಿ ಹೇಳಬೇಕು ಅಂತ ನಿನಗೆ ಪಾಠ ಮಾಡಿದವಳೂ ನಾನೇ. ಅಪ್ಪಿ ಹಿಡಿದರೆ ಚೆಂಡು ಸಿಕ್ತು ಅನ್ನುತ್ತಿತ್ತು, ನೆಲಕ್ಕೆ ತಾಗಿದರೆ ಬಿತ್ತು ಅನ್ನುತ್ತಿತ್ತು. ಗುಬ್ಬಿ ಮೊದಲು ನನ್ನ ಬಾಯಿ ನೋಡಿದಳು, ಆಮೇಲೆ ಚೆಂಡಿಗೆ ಕಿವಿಯಿಟ್ಟು, ‘ಅಮ್ಮ ಒಳಗೆ’ ಅಂದಳು. ಅವತ್ತಿಂದ ಅದು ಅವಳ ಪಾಲಿಗೆ ಚೆಂಡಾಗಿ ಉಳಿಯಲಿಲ್ಲ, ಇನ್ನೊಬ್ಬ ಅಮ್ಮ ಆಯಿತು.

ಎಂಥ ದಿನಗಳು ಅವು! ಎಷ್ಟು ಸಲ ಬಿಚ್ಚಿ ಕಪ್ಪು ಟೇಪು ಸುತ್ತಿದ್ದೆಯೋ, ನೋಡಲು ಗಾಯವಾಗಿ ಆಸ್ಪತ್ರೆಯಿಂದ ಬಂದ ಹಾಗಿತ್ತು ಆ ಚೆಂಡು. ಧಡ್ ಧಡ್ ಸದ್ದು ತಾಳಲಾರದೆ ಕೆಳಮನೆಯ ಯಜಮಾನರು ಮೇಲೆ ಬಂದು ಬಾಗಿಲಲ್ಲಿ ನಿಂತು ಕೂಗಾಡಿದರು. ಗುಬ್ಬಿ ಅವರ ಕಡೆಗೇ ಚೆಂಡು ಎಸೆದಳು. ಗಾಬರಿಯಾಗಿ ಅವರು ಬಿಟ್ಟರು. ಒಳಗಿಂದ ನನ್ನ ದನಿ ‘ಬಿತ್ತು’ ಅಂತು. ಎತ್ತಿಕೊಡುವವರೆಗೆ ಗುಬ್ಬಿ ಅವರನ್ನು ಹೋಗಲು ಬಿಡಲಿಲ್ಲ. ಆಮೇಲೆ ಅವರೇ ಸಂಜೆ ಹೊತ್ತು ‘ಇವತ್ತು ಸದ್ದೇ ಇಲ್ವಲ್ಲಾ, ಹುಷಾರಿಲ್ವಾ?’ ಅಂತ ಕೇಳಿಕೊಂಡು ಬರುತ್ತಿದ್ದರು. ಕೊನೆಕೊನೆಗೆ ಶಾಲೆಯಲ್ಲಿ ಪಟ್ಟಿಯೂ ಇಲ್ಲದೆ, ಗುಂಯ್ ಸದ್ದೂ ಇಲ್ಲದೆ, ಬರೀ ರಬ್ಬರ್ ಚೆಂಡನ್ನು ಹಿಡಿದಳು. ಆಟದ ಮೇಷ್ಟ್ರು ಗೇಟಿನವರೆಗೂ ಓಡಿ ಬಂದು ನನಗೆ ಹೇಳಿದರು. ನಾನು ರಸ್ತೆಯಲ್ಲೇ ನಿಂತು ಗೊಳೋ ಅಂತ ಅತ್ತೆ. ಗುಬ್ಬಿ ನನ್ನ ಮುಖ ಒರೆಸಿ, ‘ಸಿಕ್ತು ಅಮ್ಮ’ ಅಂತ ನನಗೇ ಸಮಾಧಾನ ಹೇಳಿದಳು. ಆ ಸಿಕ್ತು ಅವಳದೇ ಸ್ವಂತದ್ದು ಕಣೋ. ನಾನು ಕೊಟ್ಟದ್ದಲ್ಲ, ನೀನು ಕೊಟ್ಟದ್ದೂ ಅಲ್ಲ.

ಆಮೇಲೆ ನೀನು ಹೊಸ ಚೆಂಡು ತಂದೆ. ಅಂಗಡಿಗೆ ಹೋಗುವ ಚೆಂಡು ಇದೇ ಅಂತ, ಹೊಳೆಯುವ ಡಬ್ಬಿಯಲ್ಲಿ, ಬಣ್ಣಬಣ್ಣದ ದೀಪ ಹಾಕಿ. ‘ಹಳೇದು ಕೊಡಕ್ಕಾ, ಸರ್ವೀಸ್ ಮಾಡಿ ಜೋಪಾನವಾಗಿ ಇಟ್ಟಿರ್ತೀನಿ’ ಅಂತ ಅದನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಗುಬ್ಬಿ ಮೆಟ್ಟಿಲವರೆಗೆ ಬಂದು ಚೀಲಕ್ಕೆ ಟಾಟಾ ಮಾಡಿದಳು.

ಸಂಜೆ ಹೊಸದನ್ನು ಎಸೆದೆ. ಗುಬ್ಬಿಯ ಕೈಗೆ ತಾಗಿ ಕೆಳಗೆ ಹೋಯಿತು. ‘ಸಿಕ್ತು!’ ಅಂತು ಚೆಂಡು. ಗುಬ್ಬಿ ‘ಬಿತ್ತು’ ಅಂದಳು. ಎತ್ತಿಕೊಂಡು ಬಂದಳು. ಮತ್ತೆ ಎಸೆದೆ, ಮತ್ತೆ ಬಿತ್ತು, ಮತ್ತೆ ನನ್ನ ದನಿ ಸಿಕ್ತು ಅಂತ ಕುಣಿದಾಡಿತು. ಗೋಡೆಗೆ ಹೊಡೆದರೂ ಸಿಕ್ತು, ಸೋಫಾ ಕೆಳಗೆ ಉರುಳಿದರೂ ಸಿಕ್ತು. ನಿನಗೆ ಫೋನ್ ಮಾಡಿದೆ. ‘ಸೆನ್ಸರ್ ಹೊಸದಲ್ವಾ ಅಕ್ಕಾ, ಸೆಟ್ ಆಗೋಕೆ ಸ್ವಲ್ಪ ದಿನ ಬೇಕು’ ಅಂದೆ. ನನ್ನ ತಮ್ಮ ಹೇಳಿದ ಮೇಲೆ ಮುಗಿಯಿತಲ್ಲ. ‘ಚೆಂಡಿಗೆ ಇನ್ನೂ ಗೊತ್ತಾಗಲ್ಲ ಮರಿ, ಕಲೀತಾ ಇದೆ’ ಅಂತ ಗುಬ್ಬಿಗೆ ಹೇಳಿದೆ.

ಆದರೆ ಅವಳ ಪಾಲಿಗೆ ಅದು ಚೆಂಡಲ್ಲವಲ್ಲ. ಹೊರಗಿನ ಅಮ್ಮ ಬಿತ್ತು ಅನ್ನುತ್ತಾಳೆ, ಒಳಗಿನ ಅಮ್ಮ ಸಿಕ್ತು ಅನ್ನುತ್ತಾಳೆ. ಯಾರ ಮಾತು ಕೇಳಬೇಕು ಮಗು? ನನ್ನ ಮುಖ ನೋಡುತ್ತಿದ್ದಳು, ಚೆಂಡಿನ ಮುಖ ನೋಡುತ್ತಿದ್ದಳು. ಕ್ರಮೇಣ ತೋಳು ತೆರೆಯುವುದನ್ನೇ ಬಿಟ್ಟಳು. ಚೆಂಡು ಬಂದು ಎದೆಗೆ ಬಡಿಯುವವರೆಗೂ ಕೈ ಕೆಳಗೆ ಬಿಟ್ಟುಕೊಂಡು ನಿಲ್ಲುತ್ತಿದ್ದಳು. ಹಿಡಿದರೂ ಅದೇ, ಬಿಟ್ಟರೂ ಅದೇ ಅಂದಮೇಲೆ ಯಾಕೆ ಹಿಡಿಯಬೇಕು? ಮತ್ತೆ ನಿನಗೆ ಫೋನ್ ಮಾಡಿದರೆ, ‘ನೀನು ಎಸೆಯೋದು ಸರಿಯಿಲ್ಲ ಅಕ್ಕಾ, ಜೋರಾಗಿ ಎಸೀತೀಯ, ಅವಳು ಹೆದರಿದಾಳೆ’ ಅಂದೆ. ಥೂ ನಿನ್ನ! ಅದನ್ನೂ ನಂಬಿದೆ. ನಿನ್ನ ಭಾವನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, ನಿಧಾನವಾಗಿ ಎಸೆಯುವುದನ್ನು ಅಭ್ಯಾಸ ಮಾಡಿದೆ. ಈ ವಯಸ್ಸಿನಲ್ಲಿ ಇಬ್ಬರೂ ಚೆಂಡಾಡುತ್ತಿರುವುದನ್ನು ನೋಡಿ ಎದುರುಮನೆಯವರು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಒಳಗೆ ಹೋದರು. ನನ್ನ ಕಿವಿ ಮೇಲೆ ಹೂವಿಟ್ಟು ನೀನು ಮಾತ್ರ ಆರಾಮಾಗಿದ್ದೆ.

ಬಿಡುಗಡೆಯ ಸಮಾರಂಭಕ್ಕೆ ನಮ್ಮನ್ನು ಕಾರು ಕಳಿಸಿ ಕರೆಸಿದೆ. ಗುಬ್ಬಿಗೆ ಹೊಸ ಬಿಳಿ ಬೂಟು ಹಾಕಿಸಿದ್ದೆ. ಬಾಗಿಲಲ್ಲೇ ಅವಳ ಫೋಟೋ, ನನಗಿಂತ ಎತ್ತರ. ವೇದಿಕೆಯ ಮೇಲೆ ನಿಮ್ಮ ಕಂಪನಿಯ ದೊಡ್ಡವರು ಬಲು ಜೋಪಾನವಾಗಿ ಚೆಂಡು ಎಸೆದರು. ಗುಬ್ಬಿ ಕೈ ಎತ್ತಲಿಲ್ಲ. ಚೆಂಡು ಎದೆಗೆ ಬಡಿದು ಬಿತ್ತು. ಹಾಲಿನ ಎಲ್ಲ ಸ್ಪೀಕರುಗಳಿಂದ ನನ್ನ ದನಿ ‘ಸಿಕ್ತು!’ ಅಂತ ಕೂಗಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲಾ ಇವರಾ, ಕಣ್ಣು ಕಾಣುವುದಿಲ್ಲವೇ ಇವರಿಗೆ ಅಂದುಕೊಂಡೆ. ಗುಬ್ಬಿ ಬಗ್ಗಿ ಚೆಂಡು ಎತ್ತಿಕೊಂಡು, ಮೈಕಿನ ಹತ್ತಿರ ನಿಂತು, ಎಲ್ಲರಿಗೂ ಕೇಳುವ ಹಾಗೆ ‘ಬಿತ್ತು’ ಅಂದಳು. ಆ ಇಡೀ ಹಾಲಿನಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ನಿರೂಪಣೆ ಮಾಡುವವಳು ‘ಪಾಪ, ಖುಷಿಗೆ ಮಾತೇ ತಡವರಿಸ್ತಿದೆ’ ಅಂದಳು. ಜನ ನಕ್ಕರು. ಗುಬ್ಬಿ ಜನರನ್ನು ನೋಡಿದಳು, ನನ್ನನ್ನು ಹುಡುಕಿದಳು. ನೀನು ಮುಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದೆ. ಆಗಲೂ ನಾನು ಸೆನ್ಸರನ್ನೇ ಬೈಯುತ್ತಿದ್ದೆ, ನಿನ್ನ ಮಾನ ಹೋಯಿತಲ್ಲ ಅಂತ ಮರುಗುತ್ತಿದ್ದೆ. ನಿನ್ನ ಅಕ್ಕ ಅಂಥ ಪೆದ್ದಿ.

ಟೀ ಕುಡಿಯುವಾಗ ನಿಮ್ಮ ಮಾರಾಟದ ಮೇಡಂ ನನ್ನನ್ನು ಹುಡುಕಿಕೊಂಡು ಬಂದರು. ಒಳ್ಳೆಯ ಹೆಂಗಸು, ನನ್ನನ್ನು ಹೊಗಳಲು ಬಂದದ್ದು. ‘ನಿಮ್ಮ ತಮ್ಮನ ಐಡಿಯಾನೇ ಗೆದ್ದಿತು ನೋಡಿ. ಬಿತ್ತು ಅನ್ನೋದನ್ನ ತೆಗೆದುಬಿಡಿ, ಎಲ್ಲದಕ್ಕೂ ಸಿಕ್ತು ಅನ್ಸಿ ಅಂದಿದ್ದೇ ಅವ್ರು. ನಮಗೇ ಅನುಮಾನ ಇತ್ತು. ನಮ್ಮಕ್ಕನ ಮನೇಲಿ ಟ್ರೈ ಮಾಡಿದೀವಿ, ಮಗು ತುಂಬಾ ಖುಷಿಯಾಗಿದೆ ಅಂತ ಅವ್ರೇ ಧೈರ್ಯ ಹೇಳಿದ್ರು’ ಅಂದರು. ನಾನು ಟೀ ಲೋಟ ಅಲ್ಲೇ ಮೇಜಿನ ಮೇಲಿಟ್ಟು ನಿನ್ನನ್ನು ಹುಡುಕಲು ಹೊರಟೆ. ಇನ್ನು ಎಷ್ಟು ಮನೆಗಳಲ್ಲಿ ನಿಮ್ಮ ದನಿ ಇರುತ್ತೆ ಗೊತ್ತಾ ಅಂತ ಅವರು ಕೇಳುತ್ತಲೇ ಇದ್ದರು.

ಸೆನ್ಸರ್ ಕೆಟ್ಟಿರಲಿಲ್ಲ. ನಾನು ಎಸೆದದ್ದೂ ತಪ್ಪಿರಲಿಲ್ಲ. ನಿನಗೆ ಎಲ್ಲ ಗೊತ್ತಿತ್ತು.

ಮೆಟ್ಟಿಲ ಹತ್ತಿರ ನಿನ್ನ ತೋಳು ಹಿಡಿದು ಕೇಳಿದಾಗ ನೀನು ತಲೆ ತಗ್ಗಿಸಿ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ‘ನೀನು ಬಿತ್ತು ಬಿತ್ತು ಅಂದಾಗೆಲ್ಲ ನಂಗೆ ಕರುಳು ಕಿತ್ತು ಬರೋದು ಅಕ್ಕಾ. ಅವಳ ಬಾಳಲ್ಲಿ ಎಲ್ಲಾ ಬೀಳೋದೇ ಆಯ್ತು. ಒಂದು ಚೆಂಡಾದ್ರೂ ಸಿಗ್ಲಿ ಅಂತ.’ ಹಳೆಯ ಚೆಂಡು ಎಲ್ಲಿ ಅಂತ ಕೇಳಿದೆ. ಬಿಚ್ಚಿ ಹೊಸದಕ್ಕೆ ಬಳಸಿಕೊಂಡೆವು ಅಂದೆ ನೀನು. ಜೋಪಾನವಾಗಿ ಇಟ್ಟಿರುತ್ತೇನೆ ಅಂದಿದ್ದೆಯಲ್ಲೋ ಅಂದೆ ನಾನು. ನೀನು ಅತ್ತೆ. ಅಭ್ಯಾಸಬಲ, ನಾನು ನಿನ್ನ ಬೆನ್ನು ಸವರಿದೆ. ಆ ಕೈಯನ್ನು ಮನೆಗೆ ಬಂದು ಎಷ್ಟು ಬೈದುಕೊಂಡೆನೋ.

ನಿನ್ನ ಆ ಮಾತಿಗೆ ಉತ್ತರ ಈಗ ಬರೆಯುತ್ತೇನೆ. ಅವಳಿಗೆ ಚೆಂಡು ಸಿಕ್ಕಿತ್ತು ಕಣೋ! ನಿನ್ನ ದಯೆ ಬೇಕಿರಲಿಲ್ಲ, ನಿಜವಾಗಿ ಸಿಕ್ಕಿತ್ತು. ತಿಂಗಳುಗಟ್ಟಲೆ ಬೀಳಿಸಿ, ಎತ್ತಿ, ಬೀಳಿಸಿ, ಎತ್ತಿ, ಸಂಪಾದಿಸಿದ್ದಳು. ನೀನು ಆ ನೆಲದ ಮೇಲೆ ಅಷ್ಟು ದಿನ ಕೂತು ಅವಳ ತೋಳನ್ನು ನೋಡಿದೆ, ಬೆರಳನ್ನು ನೋಡಿದೆ, ಮುಖ ನೋಡಲಿಲ್ಲ. ನೋಡಿದ್ದರೆ, ಬಿತ್ತು ಅನ್ನುವಾಗ ಅವಳು ನಗುತ್ತಿದ್ದದ್ದು ಕಾಣುತ್ತಿತ್ತು. ಕರುಳು ಕಿತ್ತು ಬಂದದ್ದು ನಿನಗೆ, ಅವಳಿಗಲ್ಲ. ನಿನ್ನ ಸಂಕಟಕ್ಕೆ ಔಷಧಿ ಬೇಕಿತ್ತು, ಅದನ್ನು ನನ್ನ ಮಗಳಿಗೆ ಕುಡಿಸಿದೆ. ಅದೂ ನನ್ನ ದನಿಯಲ್ಲಿ. ಬೇರೆ ಯಾರದಾದರೂ ದನಿ ಹಾಕಿ ಸುಳ್ಳು ಹೇಳಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನಿನ್ನ ಭಾವ, ‘ಒಳ್ಳೇದಕ್ಕೇ ಮಾಡಿದಾನೆ, ಹೊಟ್ಟೆಗೆ ಹಾಕ್ಕೋ’ ಅಂದರು. ಹಾಕಿಕೊಂಡೆ. ಆದರೆ ಆಮೇಲೆ ಬಸ್ಸಿನಲ್ಲಿ ನಡೆದದ್ದು ಅವರಿಗೂ ಅರಗಲಿಲ್ಲ.

ಸಮಾರಂಭ ಆದ ಮುಂದಿನ ಸೋಮವಾರ. ಎಂದಿನಂತೆ ನಾನು ಇಳಿದು ಕೈ ಚಾಚಿದೆ. ಅವಳೂ ಕೈ ಕೊಟ್ಟಳು. ‘ಸಿಕ್ತು’ ಅಂದೆ. ಬಿಸಿ ತಾಗಿದ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡು ಎರಡು ಕೈಯಲ್ಲೂ ಕಂಬಿ ಹಿಡಿದಳು. ಡ್ರೈವರ್ ಹಾರ್ನ್ ಹೊಡೆದ. ‘ಇಳ್ಸಿ ಮೇಡಂ, ಟೈಮಾಯ್ತು’ ಅಂತ ಕಂಡಕ್ಟರ್. ‘ಅಮ್ಮಾನೇ ಅಲ್ವೇನಮ್ಮಾ ಕರೀತಿರೋದು, ಇಳಿ’ ಅಂತ ಹಿಂದಿನ ಸೀಟಿನವರು. ನಾನು ಇನ್ನೂ ಜೋರಾಗಿ ಸಿಕ್ತು ಸಿಕ್ತು ಅಂತ ಕೂಗಿದೆ. ಕೂಗಿದಷ್ಟೂ ಅವಳು ಬಿಗಿಯಾಗಿ ಕಂಬಿ ಹಿಡಿದಳು. ಅವಳ ಕಣ್ಣಲ್ಲಿದ್ದ ಹೆದರಿಕೆ ಬಸ್ಸಿನದಲ್ಲ, ರಸ್ತೆಯದಲ್ಲ, ನನ್ನದು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಮಗಳು ನನ್ನನ್ನು ನೋಡಿ ಹೆದರಿದಳು. ಕೊನೆಗೆ ನಾನೇ ಮತ್ತೆ ಹತ್ತಿ, ಕೊನೆಯ ಸ್ಟಾಪಿನವರೆಗೆ ಹೋಗಿ, ಬಸ್ಸು ಖಾಲಿಯಾದ ಮೇಲೆ ಅವಳನ್ನು ಅನಾಮತ್ತಾಗಿ ಎತ್ತಿ ಇಳಿಸಿದೆ. ಮಾರನೆಯ ದಿನವೂ ಅದೇ. ಅದರ ಮಾರನೆಯ ದಿನವೂ ಅದೇ. ಅವಳು ಶಾಲೆಗೆ ಹೋಗಿ ಎಷ್ಟೋ ದಿನವಾಯಿತು. ಹಲ್ಲಿನ ಆಸ್ಪತ್ರೆಯಲ್ಲಿ ನನ್ನ ಕುರ್ಚಿಯ ಪಕ್ಕ ಸ್ಟೂಲ್ ಹಾಕಿ ಕೂರಿಸಿಕೊಳ್ಳುತ್ತಿದ್ದೇನೆ. ಆಟದ ಮೇಷ್ಟ್ರು ಎರಡು ಸಲ ಮನೆಗೆ ಬಂದು ಹೋದರು. ಅವರಿಗೆ ಏನಂತ ಹೇಳಲಿ? ಸ್ವಂತ ತಮ್ಮ ಕೈಕೊಟ್ಟ, ಅದಕ್ಕೇ ಮಗಳು ನನಗೆ ಕೈ ಕೊಡುತ್ತಿಲ್ಲ ಅನ್ನಲೇ?

ಅವಳಿಗೆ ನನ್ನ ಮಾತಿನ ಮೇಲೆ ನಂಬಿಕೆ ಹೋಯಿತು ಅಂತಲೇ ತಿಳಿದಿದ್ದೆ. ಅದೂ ಅಲ್ಲ. ಮೊನ್ನೆ ಮಂಗಳವಾರ ಅಡುಗೆಮನೆಯಲ್ಲಿ ನೀರಿನ ಲೋಟ ಅವಳ ಕೈಯಿಂದ ಜಾರಿ ಠಣ್ ಅಂತ ಬಿತ್ತು. ಚೆಲ್ಲಿದ ನೀರನ್ನು ನೋಡುತ್ತ, ಮುಖದಲ್ಲಿ ನಗುವಿಲ್ಲದೆ, ‘ಸಿಕ್ತು’ ಅಂದಳು. ನಾನು ಒಲೆ ಆರಿಸಿ ಅಲ್ಲೇ ನಿಂತೆ. ಸಂಜೆ ಅಂಗಿಯ ಗುಂಡಿ ಕಿತ್ತು ಉದುರಿತು, ‘ಸಿಕ್ತು’ ಅಂದಳು. ರಸ್ತೆಯಲ್ಲಿ ಸೈಕಲ್ಲಿನಿಂದ ಯಾರೋ ಬಿದ್ದರು, ನನ್ನ ಸೆರಗು ಎಳೆದು ‘ಸಿಕ್ತು ಸಿಕ್ತು’ ಅಂತ ತೋರಿಸಿದಳು. ಅವಳಿಗೆ ಯಾವ ಗೊಂದಲವೂ ಇಲ್ಲ ಕಣೋ. ಏನಾದರೂ ನೆಲಕ್ಕೆ ಬಿದ್ದಾಗ ಒಳಗಿನ ಅಮ್ಮ ಏನು ಹೇಳುತ್ತಾಳೆ? ಸಿಕ್ತು ಅನ್ನುತ್ತಾಳೆ. ಅವತ್ತು ಅವಳು ಬಿತ್ತು ಅಂದಾಗ ಜನ ನಕ್ಕರು, ಒಳಗಿನ ಅಮ್ಮ ಸಿಕ್ತು ಅಂದಾಗ ಚಪ್ಪಾಳೆ ತಟ್ಟಿದರು. ಹಾಗಾದರೆ ಬೀಳುವುದಕ್ಕೆ ಅದೇ ಹೆಸರು. ಎರಡು ಪದ ಇದ್ದ ಮಗು, ಒಂದನ್ನು ನೀನು ಕಿತ್ತುಕೊಂಡೆ, ಉಳಿದ ಒಂದಕ್ಕೆ ಅವಳು ತಾನೇ ಅರ್ಥ ಹುಡುಕಿಕೊಂಡಳು.

ಅಂದರೆ ನಾನು ದಿನಾ ಬೆಳಿಗ್ಗೆ ಬಸ್ಸಿನ ಕೆಳಗೆ ನಿಂತು, ಕೈ ಚಾಚಿ, ನನ್ನ ಮಗಳಿಗೆ ‘ಬಿದ್ದೆ, ಬಿದ್ದೆ, ಬಾ’ ಅಂತ ಕೂಗುತ್ತಿದ್ದೆ. ಯಾವ ಮಗು ಇಳಿಯುತ್ತದೆ ಹೇಳು.

ಈಗ ನಾನು ಮಾತೇ ಆಡುವುದಿಲ್ಲ. ಮನೆಯ ಮೆಟ್ಟಿಲ ಮೇಲೆ ಅಭ್ಯಾಸ ಮಾಡಿಸುತ್ತಿದ್ದೇನೆ. ಕೈ ಹಿಡಿದು ಒಮ್ಮೆ ಗಟ್ಟಿಯಾಗಿ ಒತ್ತುತ್ತೇನೆ, ಅವಳು ನನ್ನ ಬಾಯಿಯನ್ನೇ ನೋಡುತ್ತಾಳೆ, ಬಾಯಿ ಮುಚ್ಚಿಕೊಂಡಿದೆ ಅಂತ ಖಾತ್ರಿಯಾದ ಮೇಲೆ ಒಂದು ಮೆಟ್ಟಿಲು ಇಳಿಯುತ್ತಾಳೆ. ಊರಿಗೆಲ್ಲ ಬಾಯಿಬಡುಕಿ ಅನ್ನಿಸಿಕೊಂಡವಳು ನಾನು. ನನ್ನ ಮಗಳು ನನ್ನ ಹತ್ತಿರ ಬರಬೇಕಾದರೆ ನಾನು ಮೂಗಿಯಾಗಬೇಕು. ನಾಳೆ ಮತ್ತೆ ಬಸ್ಸು ಹತ್ತುತ್ತೇವೆ. ಇಳಿಯುತ್ತಾಳೋ ಇಲ್ಲವೋ ಗೊತ್ತಿಲ್ಲ.

ನಿನ್ನಿಂದ ನನಗೆ ಕ್ಷಮಾಪಣೆ ಬೇಡ, ನಿನ್ನ ಅಳು ಖಂಡಿತ ಬೇಡ. ಪ್ರತಿಯೊಂದು ಚೆಂಡಿನಿಂದ ನನ್ನ ದನಿ ತೆಗೆಸು. ಬೇರೆ ಅಮ್ಮಂದಿರ ಮನೆಯಲ್ಲಿ ಕೂತು, ಅವರ ಮಕ್ಕಳಿಗೆ ನಾನು ಸುಳ್ಳು ಹೇಳುತ್ತಿರಬಾರದು. ಆಗುವುದಿಲ್ಲ, ಕಂಪನಿ ಒಪ್ಪುವುದಿಲ್ಲ ಅನ್ನಬೇಡ. ಬಿತ್ತು ಅನ್ನುವುದನ್ನು ತೆಗೆಸುವಷ್ಟು ಮಾತು ನಡೆಯುವವನಿಗೆ ಇದೂ ನಡೆಯುತ್ತದೆ. ಅದು ಆಗುವವರೆಗೆ ಮನೆಗೆ ಬರಬೇಡ. ಬಾಗಿಲು ತೆಗೆಯುವುದಿಲ್ಲ ಅಂತ ಬರೆಯಲು ಹೊರಟಿದ್ದೆ, ಆದರೆ ನೀನು ಬಂದು ನಿಂತರೆ ತೆಗೆದುಬಿಡುತ್ತೇನೆ ಅಂತ ಇಬ್ಬರಿಗೂ ಗೊತ್ತು. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಬರಬೇಡ. ಹೊತ್ತುಹೊತ್ತಿಗೆ ಊಟ ಮಾಡು.

ಇಂತಿ,
ನೀನು ಏನೇ ಮಾಡಿದರೂ ನಿನಗೆ ಅಕ್ಕನಾಗಿಯೇ ಉಳಿದವಳು

ತಾ.ಕ.: ಕಾಗದ ಬರೆಯಲು ಮೇಲೆ ಹೇಳಿದ ಕಾರಣ ಪೂರ್ತಿ ನಿಜವಲ್ಲ. ಗುರುವಾರ ನೀನು ಫೋನ್ ಮಾಡಿ ಗುಬ್ಬಿಗೆ ಕೊಡು ಅಂದೆಯಲ್ಲ, ಆಗ ನಾನು ಫೋನನ್ನು ಅವಳ ಕಿವಿಗೆ ಹಿಡಿದುಕೊಂಡು ಪಕ್ಕದಲ್ಲೇ ಇದ್ದೆ. ‘ಯಾರು ಹೇಳು ನೋಡೋಣ? ಮಾಮ!’ ಅಂದೆ ನೀನು. ಅವಳು ತುಂಬ ಹೊತ್ತು ಯೋಚನೆ ಮಾಡಿ, ‘ಮಾಮ ಸಿಕ್ತು’ ಅಂದಳು. ನೀನು ಅಲ್ಲಿಂದ ಕಿರುಚಿ, ‘ಕೇಳಿಸ್ತಾ ಅಕ್ಕಾ? ಮಾಮ ಸಿಕ್ತು ಅಂತೆ! ಅವಳಿಗೆ ನನ್ ಮೇಲೆ ಕೋಪ ಇಲ್ಲ!’ ಅಂತ ಅತ್ತುಬಿಟ್ಟೆ. ಅಷ್ಟು ಖುಷಿಯಾಗಿದ್ದೆ ನೀನು, ನಿನ್ನ ಮನಸ್ಸು ನೋಯಿಸಲು ನನ್ನ ಕೈಯಲ್ಲಿ ಆಗಲಿಲ್ಲ. ‘ಹೂಂ ಕಣೋ’ ಅಂದೆ. ಅವಳು ಹೇಳಿದ್ದು ಏನು ಅಂತ ಈಗ ನಿನಗೂ ಗೊತ್ತು.